ಬಲಕ್ಕೆ ತಿರುಗಿದರೆ ಉಸಿರು ಕಟ್ಟುವ ಕಾರು

ಯಶೋದಳ ಹಣೆಯ ಬೊಟ್ಟು ಕಾರಿನ ಮೀಟರ್ ಬೋರ್ಡಿನ ಮೇಲೆ ಎಪ್ಪತ್ತೊಂದು ದಿನ ಅಂಟಿಕೊಂಡಿತ್ತು.

ಅದರ ಅಡಿಯಲ್ಲಿ ಒಂದು ಹಳದಿ ದೀಪ ಉರಿಯುತ್ತಿತ್ತು. ಕಾರಿನ ಹಿಂಭಾಗದ ಪುಟ್ಟ ಚಿತ್ರ, ಕೆಳಗೆ ಹಾವು ಹರಿದಂಥ ಎರಡು ಗೆರೆ. ಈಗಿನ ಕಾರುಗಳಲ್ಲಿ ಇದು ಸಾಮಾನ್ಯ. ಕೀ ತಿರುಗಿಸಿದಾಗ ಹತ್ತಿಕೊಳ್ಳುತ್ತೆ, ಎರಡು ಉಸಿರು ತೆಗೆಯೋದರೊಳಗೆ ಆರಬೇಕು. ಆರದಿದ್ದರೆ ಕಾರಿಗೆ ಏನೋ ಆಗಿದೆ ಅಂತ ಅರ್ಥ. ಯಶೋದ ಓಡಿಸುತ್ತಿದ್ದ ಬಿಳಿ ಕಾರಿನಲ್ಲಿ ಅದು ಆರಲಿಲ್ಲ. ಆರದ ದೀಪಕ್ಕೆ ಬೊಟ್ಟು ಅಂಟಿಸು ಅಂತ ಹೇಳಿದವನು ಬಾಡಿಗೆ ಕಾರಿನ ಏಜೆನ್ಸಿಯ ಮ್ಯಾನೇಜರ್ ಕುಮಾರಸ್ವಾಮಿ. ಅವನು ಹೇಳಿದ್ದು ಬಾಯಲ್ಲಿ. ಅವಳು ಅಂಟಿಸಿದ್ದು ಕೈಯಲ್ಲಿ. ಬಾಯಿಗೂ ಕೈಗೂ ನಡುವೆ ಎಂಥ ಗುಂಡಿ ಇದೆ, ಅದರೊಳಗೆ ಯಾರು ಬೀಳುತ್ತಾರೆ, ಇಲ್ಲಿ ಹೇಳಬೇಕಾಗಿರೋದು ಅಷ್ಟೇ.

ಯಶೋದಳಿಗೆ ಮೂವತ್ತಮೂರು. ಕೊಡಿಗೇನಹಳ್ಳಿ ಹತ್ತಿರದ ಒಂದು ಗೊಲ್ಲರ ಹಟ್ಟಿಯ ಸೊಸೆ. ಹುಟ್ಟಿದ ಮನೆಯಲ್ಲಿ ಕುರಿ, ಕೊಟ್ಟ ಮನೆಯಲ್ಲೂ ಕುರಿ. ಮದುವೆಯಾದ ಮೇಲೆ ಐದು ವರ್ಷ ಹಿಂದೂಪುರದ ಗಾರ್ಮೆಂಟ್ಸಿಗೆ ಬಸ್ಸಿನಲ್ಲಿ ಓಡಾಡಿದಳು. ಬಸ್ಸಿನಲ್ಲಿ ಡ್ರೈವರ್ ಪಕ್ಕದ ಉದ್ದ ಸೀಟೇ ಬೇಕು ಅವಳಿಗೆ. ಮಿಕ್ಕ ಹೆಂಗಸರು ತೂಕಡಿಸುತ್ತಿದ್ದರೆ ಇವಳು ಡ್ರೈವರನ ಕಾಲು ನೋಡುತ್ತಿದ್ದಳು. "ಕ್ಲಚ್ಚು ಯಾವಾಗ ಬುಡ್ತಾನೆ ಅಂತ ಅವನಿಗಿಂತ ಮುಂಚೆ ನನ್ನ ಕಾಲಿಗೇ ಗೊತ್ತಾಗೋದು" ಅನ್ನುತ್ತಾಳೆ. ತುಮಕೂರಿನಲ್ಲಿ ಹೆಂಗಸರಿಗೆ ಡ್ರೈವಿಂಗ್ ತರಬೇತಿ ಕೊಡುತ್ತಾರೆ ಅಂತ ಗೊತ್ತಾದಾಗ ಹಟ್ಟಿಯಲ್ಲಿ ಯಾರನ್ನೂ ಕೇಳದೆ ಹೆಸರು ಬರೆಸಿದಳು. ಲೈಸೆನ್ಸು ಬಂತು, ಬಾಡಿಗೆ ಗಾಡಿ ಓಡಿಸುವ ಬ್ಯಾಡ್ಜೂ ಬಂತು. ಮಧುಗಿರಿಯ ಏಜೆನ್ಸಿ ಕೆಲಸ ಕೊಟ್ಟಿತು. ಮಹಿಳಾ ದಿನದಂದು ಕಾರಿನ ಮುಂದೆ ನಿಲ್ಲಿಸಿ, ಕೈಗೆ ಹೂಗುಚ್ಛ ಕೊಟ್ಟು ಫೋಟೋ ಹೊಡೆದು ಆಫೀಸಿನ ಗೋಡೆಗೆ ನೇತುಹಾಕಿದರು. ಫೋಟೋ ಆದ ಮೇಲೆ ಹೂಗುಚ್ಛ ಇಸ್ಕೊಂಡರು. ಅದು ಇನ್ನೊಂದು ಸಮಾರಂಭಕ್ಕೆ ಹೋಗಬೇಕಿತ್ತು.

ಅವಳ ಕೆಲಸ ಇಷ್ಟು: ಬೆಳಗ್ಗೆ ಹಟ್ಟಿಯಿಂದ ಕಾರು ತೆಗೆದು ಮಧುಗಿರಿಗೆ ಬರಬೇಕು, ಅಲ್ಲಿ ರೂಮು ಮಾಡಿಕೊಂಡಿರುವ ಮೂವರು ಇಂಜಿನಿಯರ್‌ಗಳನ್ನ ಹತ್ತಿಸಿಕೊಂಡು ಬಲಸಮುದ್ರದ ಕಡೆ ಸೋಲಾರ್ ಪಾರ್ಕಿಗೆ ಬಿಡಬೇಕು, ಸಾಯಂಕಾಲ ಕರೆತರಬೇಕು. ಎರಡು ವರ್ಷ ಹೀಗೆ ಓಡಿಸಿದಳು. ಒಂದು ಗೀರು ಬೀಳಲಿಲ್ಲ.

ಜುಲೈ ತಿಂಗಳಲ್ಲಿ ಒಂದು ದಿನ ಪಾರ್ಕಿನೊಳಗೆ ತಗಡಿನ ಚೂರು ಸಿಕ್ಕಿ ಮುಂದಿನ ಎಡಗಡೆ ಟೈರು ಸೀಳಿಹೋಯಿತು. ಡಿಕ್ಕಿ ತೆಗೆದರೆ ಸ್ಟೆಪ್ನಿ ಇಲ್ಲ, ಏಜೆನ್ಸಿಯವರು ಅದನ್ನ ಇನ್ನೊಂದು ಕಾರಿಗೆ ಬಿಚ್ಚಿಕೊಂಡಿದ್ದರು. ಫೋನ್ ಮಾಡಿದಳು. ಶಿರಾದ ಹಳೇ ಟೈರಿನ ಅಂಗಡಿಯಿಂದ ಒಂದು ಟೈರು ಪ್ರೈವೇಟ್ ಬಸ್ಸಿನ ಮೇಲೆ ಬಂತು. ಪಾವಗಡದ ಮೆಕ್ಯಾನಿಕ್ ಬೈಲಪ್ಪ ಹಾಕಿಕೊಟ್ಟ. ರಿಮ್ಮಿಗೆ ಸರಿಯಾಗಿ ಕೂತಿತು. ನೋಡೋಕೆ ಟೈರೇ. ದುಂಡಗಿದೆ, ಕಪ್ಪಗಿದೆ. ಇನ್ನೇನು ಬೇಕು?

ಮಾರನೇ ಬೆಳಗ್ಗೆ ಹಳದಿ ದೀಪ ಹತ್ತಿತು.

ಈಗ ಇನ್ನೊಂದು ವಿಷಯ ಹೇಳಬೇಕು. ಈ ಡ್ರೈವರ್‌ಗಳ ಫೋನಿನಲ್ಲಿ ಒಂದು ಆಪ್ ಇದೆ. ಬೆಳಗ್ಗೆ ಏಳಕ್ಕೆ ಅದು ಹನ್ನೆರಡು ಪ್ರಶ್ನೆ ಕೇಳುತ್ತೆ. ಬ್ರೇಕ್ ಸರಿ ಇದೆಯೇ, ಹಾರನ್ ಸರಿ ಇದೆಯೇ ಅಂತ. ಒಂಬತ್ತನೇದು: ಮೀಟರ್ ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಉರಿಯುತ್ತಿದೆಯೇ? 'ಇಲ್ಲ' ಅಂತ ಒತ್ತಿದರೆ ಟ್ರಿಪ್ ತೆರೆಯುತ್ತೆ. 'ಹೌದು' ಅಂದರೆ ಪರದೆ ಕೆಂಪಾಗಿ ಆ ದಿನ ಗಾಡಿ ಬಂದ್. ಇಂಜಿನಿಯರ್‌ಗಳು ರಸ್ತೆ ಬದಿ ನಿಲ್ಲುತ್ತಾರೆ, ಸೋಲಾರ್ ಕಂಪನಿಯವರು ಏಜೆನ್ಸಿಗೆ ಬೈಯುತ್ತಾರೆ, ಏಜೆನ್ಸಿಯವರು ಡ್ರೈವರಿಗೆ ಬೈಯುತ್ತಾರೆ. ಹೌದು ಒತ್ತಿದವನಿಗೆ ಅವತ್ತು ಕೆಲಸವಿಲ್ಲ, ಮೂರು ಸಲ ಒತ್ತಿದವನಿಗೆ ಸೀಟೇ ಇಲ್ಲ. ಹಾಗಾಗಿ ಡ್ರೈವರ್‌ಗಳೆಲ್ಲ ಹನ್ನೆರಡನ್ನೂ ಒಂದು ಬೀಡಿ ಹಚ್ಚಿಕೊಳ್ಳುವಷ್ಟರಲ್ಲಿ ಒತ್ತಿ ಮುಗಿಸುತ್ತಾರೆ. ಇದನ್ನ ಸುರಕ್ಷತೆ ಅನ್ನುತ್ತಾರೆ.

ಯಶೋದ ಅವತ್ತು 'ಹೌದು' ಒತ್ತಿದಳು. ಪರದೆ ಕೆಂಪಾಯಿತು. ಹತ್ತು ನಿಮಿಷಕ್ಕೆ ಕುಮಾರಸ್ವಾಮಿ ಫೋನ್ ಮಾಡಿ ಆಫೀಸಿಗೆ ಕರೆಸಿದ.

"ಲೈಟ್ ಇದ್ರೆ ಇರ್ಲಿ ಬಿಡಮ್ಮ. ಗಾಡಿ ಓಡ್ತಾ ಇದೆಯೋ ಇಲ್ವೋ?"

"ಓಡ್ತೈತೆ ಸಾರ್. ಆದ್ರೆ ತಿರುಗ್ಸುವಾಗ ಉಸಿರು ಕಟ್ದಂಗೆ ಆಗ್ತೈತೆ."

"ಯಾರಿಗೆ, ನಿಂಗಾ ಗಾಡಿಗಾ?"

ಪಕ್ಕದಲ್ಲಿದ್ದ ಇಬ್ಬರು ಡ್ರೈವರ್‌ಗಳು ನಕ್ಕರು. ಕುಮಾರಸ್ವಾಮಿಯೂ ನಕ್ಕ. ಅವನೇನು ಕೆಟ್ಟ ಮನುಷ್ಯ ಅಲ್ಲ, ಸಂಕಷ್ಟಿ ತಪ್ಪಿಸುವವನಲ್ಲ, ಯಾರ ಮನೆ ಸಾವಿಗೂ ಹೋಗದೆ ಇರುವವನಲ್ಲ. ನಮ್ಮ ಊರುಗಳಲ್ಲಿ ಕೆಟ್ಟದ್ದೆಲ್ಲ ಇಂಥ ಒಳ್ಳೆಯವರ ಕೈಯಿಂದಲೇ ಆಗೋದು.

"ಬೈಲಪ್ಪನ ಹತ್ರ ತೋರ್ಸು. ಅಲ್ಲೀವರ್ಗೂ ಇಲ್ಲ ಅಂತ ಒತ್ತು. ಹಿಂದೆ ಕೂತೋರು ಆ ದೀಪ ನೋಡಿದ್ರೆ ಫೋಟೋ ತೆಗೆದು ಕಂಪನಿಗೆ ಹಾಕ್ತಾರೆ. ಮೇಲೊಂದು ಬೊಟ್ಟು ಅಂಟಿಸ್ಬಿಡು. ನಿನ್ ಹತ್ರ ಇರುತ್ತಲ್ಲ."

ಅವಳು ಕಾರಿಗೆ ಬಂದು ಕನ್ನಡಿ ನೋಡಿಕೊಂಡು ಹಣೆಯಿಂದ ಕಂದು ಬಣ್ಣದ ಸ್ಟಿಕ್ಕರ್ ಬೊಟ್ಟು ಕಿತ್ತು ದೀಪದ ಮೇಲೆ ಅಂಟಿಸಿದಳು. ಅಳತೆ ಮಾಡಿಸಿದಂತೆ ಕೂತಿತು.

ಬೈಲಪ್ಪ ಏನೋ ಒಂದು ಮಿಷಿನ್ ಚುಚ್ಚಿ ನೋಡಿ "ಸೆನ್ಸರ್ ಅಕ್ಕಾ" ಅಂದ. ಸೆನ್ಸರ್ ಬದಲಾಯಿಸಿದ. ದೀಪ ಒಂದು ದಿನ ಆರಿತ್ತು, ಮತ್ತೆ ಹತ್ತಿತು. ಮಿಷಿನ್ ಚುಚ್ಚಿ ದೀಪ ಆರಿಸಿದ, ಮತ್ತೆ ಹತ್ತಿತು. ಮೂರನೇ ಸಲ "ಇದು ಇಂಗೇ ಉಂಟುಂದಿ, ಏಂ ಪರ್ವಾಲೇದು" ಅಂದುಬಿಟ್ಟ. ಪರವಾಗಿಲ್ಲ ಅನ್ನೋದಕ್ಕೆ ಪಾವಗಡದಲ್ಲಿ ಎರಡು ಭಾಷೆ.

ಆದರೆ ಯಶೋದಳಿಗೆ ಪರವಾಗಿಲ್ಲ ಅನ್ನಿಸಲಿಲ್ಲ. ಕಾರು ಎಲ್ಲಾ ಹೊತ್ತೂ ಸತಾಯಿಸುತ್ತಿರಲಿಲ್ಲ. ನೇರ ರಸ್ತೆಯಲ್ಲಿ ಮೂಗು ಒಂಚೂರು ಎಡಕ್ಕೆ ಎಳೆಯುತ್ತಿತ್ತು, ಅಷ್ಟೇ. ಎಡಕ್ಕೆ ತಿರುಗಿಸಿದರೆ ಏನೂ ಇಲ್ಲ. ಬಲಕ್ಕೆ ತಿರುಗಿಸಿ ಕಾಲು ಒತ್ತಿದರೆ ಮಾತ್ರ ಕಾರು ಒಳಗೊಳಗೇ ಬಿಗಿಯುತ್ತಿತ್ತು. ಎಕ್ಸಲೇಟರ್ ತುಳಿದರೆ ಹತ್ತಿ ಮೂಟೆ ತುಳಿದಂತೆ. ಇಂಜಿನ್ ಕೇಳಿಸಿಕೊಳ್ಳುತ್ತಿರಲಿಲ್ಲ. ಗಾಲಿಯ ಹತ್ತಿರ ಕಟಕಟ ಸದ್ದು. ಪಾರ್ಕಿಗೆ ಹೋಗಿ ನಿಲ್ಲಿಸಿ ನಾಲ್ಕೂ ಗಾಲಿಯ ಹತ್ತಿರ ಕೈ ಹಿಡಿದು ನೋಡಿದರೆ ಮುಂದಿನ ಎಡಗಡೆಯದು ಮಾತ್ರ ಒಲೆಯಂತೆ ಕಾದಿರುತ್ತಿತ್ತು. ಅವಳು ಬ್ರೇಕ್ ತುಳಿದಿಲ್ಲ, ಆದರೂ ಬ್ರೇಕ್ ಬಿದ್ದಿದೆ. ಹಾಗಾದರೆ ಹಾಕಿದ್ದು ಯಾರು?

ಹಾಕಿದ್ದು ಕಾರೇ. ಅವಳೇ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ತಿಳಿದುಕೊಂಡಳು. ಇಂಥ ಕಾರು ತನ್ನ ನಾಲ್ಕೂ ಚಕ್ರ ಎಷ್ಟು ಜೋರಾಗಿ ತಿರುಗುತ್ತಿವೆ ಅಂತ ಸದಾ ಲೆಕ್ಕ ನೋಡುತ್ತಿರುತ್ತೆ. ಒಂದು ಚಕ್ರ ಮಿಕ್ಕವಕ್ಕಿಂತ ಜೋರಾಗಿ ತಿರುಗಿತೋ, ಅದು ಕೆಸರಿನಲ್ಲೋ ಮರಳಿನಲ್ಲೋ ಜಾರುತ್ತಿದೆ ಅಂದುಕೊಳ್ಳುತ್ತೆ. ತಕ್ಷಣ ಇಂಜಿನ್ನಿನ ಕತ್ತು ಹಿಡಿದು, ಆ ಚಕ್ರಕ್ಕೆ ತಾನೇ ಬ್ರೇಕ್ ಹಾಕುತ್ತೆ. ಒಳ್ಳೇ ಉಪಾಯವೇ. ಆದರೆ ಒಣ ಟಾರು ರಸ್ತೆಯಲ್ಲಿ, ಜಾರದೇ ಇರುವ ಚಕ್ರಕ್ಕೆ ಯಾಕೆ ಹಾಕಬೇಕು? ಆ ವ್ಯವಸ್ಥೆಯನ್ನ ಆಫ್ ಮಾಡುವ ಗುಂಡಿಯೊಂದಿದೆ. ಖಾಲಿ ಜಾಗದಲ್ಲಿ ಒಂದು ಸಲ ಒತ್ತಿ ಬಲಕ್ಕೆ ಸುತ್ತಿದಳು. ಕಾರು ಬೆಣ್ಣೆಯಂತೆ ತಿರುಗಿತು. ಅಲ್ಲಿಗೆ ಗೊತ್ತಾಯಿತು, ಇಂಜಿನ್ ಚೆನ್ನಾಗಿದೆ, ತನ್ನ ಕಾಲೂ ಚೆನ್ನಾಗಿದೆ, ಕಾರಿಗೆ ಬಂದಿರೋದು ಭ್ರಮೆ. ಆದರೆ ಆ ಗುಂಡಿ ಒತ್ತಿ ಓಡಿಸುವಂತಿಲ್ಲ. ಸುರಕ್ಷತೆಯ ಸಾಧನ ಆಫ್ ಮಾಡಿದರೆ ಡ್ರೈವರನ್ನ ತೆಗೆಯುತ್ತೇವೆ ಅಂತ ಕಂಪನಿಯ ನಿಯಮ. ಆನ್ ಇದ್ದರೆ ಉಸಿರು ಕಟ್ಟುತ್ತೆ, ಆಫ್ ಮಾಡಿದರೆ ಕೆಲಸ ಹೋಗುತ್ತೆ.

ಕುಮಾರಸ್ವಾಮಿಗೆ ಇನ್ನೆರಡು ಸಲ ಹೇಳಿದಳು. "ನೋಡಮ್ಮ, ಅದೇ ಮಾಡೆಲ್ ಗಾಡಿ ನಮ್ಮಲ್ಲಿ ಎಂಟಿವೆ. ಬೇರೆ ಯಾರಿಗೂ ಬರದ ಕಂಪ್ಲೇಂಟು ನಿಂಗೊಬ್ಬಳಿಗೇ ಯಾಕೆ ಬರುತ್ತೆ?" ಅಂದ. ಆಮೇಲೆ ಅವಳು ಹೇಳುವುದು ಬಿಟ್ಟಳು. ಬಲಕ್ಕೆ ತಿರುಗಬೇಕಾದಲ್ಲೆಲ್ಲ ರಸ್ತೆ ಪೂರ್ತಿ ಖಾಲಿಯಾಗುವವರೆಗೆ ಕಾಯುವುದು ಕಲಿತಳು. ಹಿಂದೆ ಕೂತ ಇಂಜಿನಿಯರ್‌ಗಳು ಗಡಿಯಾರ ನೋಡುತ್ತಿದ್ದರು. ದಿನಾ ಬೆಳಗ್ಗೆ ಒಂಬತ್ತನೇ ಪ್ರಶ್ನೆಗೆ 'ಇಲ್ಲ'.

ಸೆಪ್ಟೆಂಬರಿನ ಕೊನೆಯಲ್ಲಿ ಒಂದು ಸೋಮವಾರ ಕಂಪನಿಯ ದೊಡ್ಡ ಸಾಹೇಬನೊಬ್ಬ ಬಂದ. ವಾಪಸ್ ಹೋಗಲು ಯಶೋದಳ ಕಾರು ಹತ್ತಿದಾಗ ವಿಮಾನ ಹಿಡಿಯುವ ಅವಸರದಲ್ಲಿದ್ದ. ಪಾರ್ಕಿನ ದಾರಿ ದೊಡ್ಡ ರಸ್ತೆಗೆ ಸೇರುವಲ್ಲಿ ಬಲಕ್ಕೆ ತಿರುಗಬೇಕು. ಪಾವಗಡದ ಕಡೆಯಿಂದ ಒಂದು ಬಸ್ಸು ದೂರದಲ್ಲಿ ಬರುತ್ತಿತ್ತು. ಯಶೋದ ಕಾದಳು.

"ಏನಮ್ಮ, ಅದು ಹೋದ್ಮೇಲೆ ಇನ್ನೊಂದು ಬರೋವರೆಗೂ ಕಾಯ್ತೀಯಾ? ಹೋಗು" ಅಂದ ಸಾಹೇಬ.

ದೂರ ಇತ್ತು. ಸರಿಯಾದ ಕಾರಾಗಿದ್ದರೆ ಎರಡು ಸಲ ದಾಟಬಹುದಾದಷ್ಟು ದೂರ. ಅವಳು ತೆಗೆದಳು. ರಸ್ತೆಯ ನಡುವೆ ಕಾರು ಬಿಗಿಯಿತು. ತುಳಿದಳು, ಬರಲಿಲ್ಲ. ಇನ್ನೂ ತುಳಿದಳು, ಚಕ್ರದಲ್ಲಿ ಕಟಕಟ. ಬಸ್ಸಿನವನು ಬ್ರೇಕ್ ಹಾಕಿ ಮಣ್ಣಿಗಿಳಿದು ಎರಡು ಮಾರು ದೂರದಲ್ಲಿ ನಿಂತ. ಕಿಟಕಿಯಿಂದ ತಲೆ ಹಾಕಿ, "ಏಮ್ಮಾ, ನಡಿರೋಡ್ಲೋ ಮುಗ್ಗು ಏಸ್ತಾವಾ?" ಅಂದ. ನಡುರಸ್ತೆಯಲ್ಲಿ ರಂಗೋಲಿ ಹಾಕ್ತೀಯಾ ಅಂತ. ಯಾರಿಗೂ ಏನೂ ಆಗಲಿಲ್ಲ. ಸಾಹೇಬನ ಹಣೆ ಮುಂದಿನ ಸೀಟಿಗೆ ತಗುಲಿ ಸಣ್ಣ ಬುಗುಟು ಎದ್ದಿತು. ಅವನು ಅಲ್ಲೇ ಫೋನ್ ತೆಗೆದು ಇಂಗ್ಲಿಷಿನಲ್ಲಿ ಮಾತಾಡಿದ. ಯಶೋದಳಿಗೆ ಅರ್ಥವಾದದ್ದು ಎರಡೇ ಪದ: ಲೇಡಿ ಡ್ರೈವರ್.

ಮರುದಿನ ಕುಮಾರಸ್ವಾಮಿ ಒಂದು ಕಾಗದ ಮುಂದಿಟ್ಟ. 'ನನ್ನ ಅಜಾಗರೂಕತೆ ಹಾಗೂ ಚಾಲನಾ ಕೌಶಲದ ಕೊರತೆಯಿಂದ ಘಟನೆ ಸಂಭವಿಸಿದ್ದು' ಅಂತ ಟೈಪು ಮಾಡಿತ್ತು. ಕೆಳಗೆ ಅವಳ ಹೆಸರು.

"ಸೈನ್ ಹಾಕು. ನಿನ್ನ ಮನೆಗೆ ಕಳ್ಸಲ್ಲ. ಆಫೀಸಲ್ಲೇ ಇರು, ಫೈಲು ಗೀಲು ಎತ್ತಿಡು, ಬಂದೋರಿಗೆ ಟೀ ಕೊಡು. ಹಾಕಲ್ಲ ಅಂದ್ರೆ ಗುರುವಾರ ಕಂಪನಿಯಿಂದ ವಿಚಾರಣೆಗೆ ಬರ್ತಾರೆ. ಆಮೇಲೆ ನನ್ ಕೈಲಿಲ್ಲ."

ಅಂದರೆ ಸ್ಟೇರಿಂಗ್ ಹೋಯಿತು. ಸೈನ್ ಹಾಕಿದರೆ ಓಡಿಸಲು ಬಾರದವಳು ಅಂತ ತಾನೇ ಬರೆದುಕೊಟ್ಟ ಹಾಗೆ, ಇನ್ನೆಲ್ಲಿಯೂ ಯಾರೂ ಕೀ ಕೊಡುವುದಿಲ್ಲ. ಅವಳು ಗುರುವಾರ ಬರುತ್ತೇನೆ ಅಂದಳು. ಆ ಎರಡು ದಿನ ಕಾರು ಓಡಿಸಿದ್ದು ಯಾರು ಅಂತೀರಿ? ಅವಳೇ. ಓಡಿಸಲು ಬಾರದವಳ ಕೈಯಲ್ಲೇ ಕೀ ಬಿಟ್ಟಿದ್ದರು. ಬೇರೆ ಡ್ರೈವರ್ ಸಿಕ್ಕಿರಲಿಲ್ಲ.

ಗಂಡ ಹನುಮಂತರಾಜು ಹಿಂದೂಪುರದ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. "ಸೈನ್ ಹಾಕ್ಬುಡು ಅತ್ಲಾಗೆ. ಫ್ಯಾನ್ ಕೆಳಗೆ ಕುಂತ್ಕಬೌದು" ಅಂದ.

"ಫ್ಯಾನ್ ಕೆಳಗೆ ಕುಂತ್ಕಣಕೆ ಬ್ಯಾಡ್ಜ್ ಯಾಕೆ ತಗಬೇಕಿತ್ತು?"



ಅವರ ಹಟ್ಟಿಯ ಬೇಲಿಯೊಳಕ್ಕೆ ಗಾಡಿ ತರುವ ಪದ್ಧತಿಯಿಲ್ಲ. ಕಾರು ಹೊರಗೆ ಹುಣಸೇಮರದ ಅಡಿಯಲ್ಲಿ ನಿಲ್ಲುತ್ತೆ. ಬುಧವಾರ ಬೆಳಗ್ಗೆ ಯಶೋದ ಕಾರು ಒರೆಸುತ್ತಿದ್ದಳು. ಅತ್ತೆ ಜುಂಜಮ್ಮ ಕುರಿ ಹೊರಡಿಸಿಕೊಂಡು ಬಂದವಳು, ಹಿಂದಿನ ಸಂಜೆ ಕಾರು ಸುತ್ತಿಸಿ ನಿಲ್ಲಿಸಿದ ಜಾಗದಲ್ಲಿ ನಿಂತುಬಿಟ್ಟಳು. ಸುತ್ತುವಾಗ ನಾಲ್ಕೂ ಗಾಲಿಯ ಗುರುತು ಧೂಳಿನಲ್ಲಿ ಬಿಡಿಬಿಡಿಯಾಗಿ ಬಿದ್ದಿತ್ತು.

"ಲೇ ಯಶೋದಿ, ನಿನ್ ಗಾಡೀದು ಒಂದ್ ಕಾಲು ಬ್ಯಾರೆ ತಾಯಿದು ಕಣೆ."

"ಏನಂದೆ ಅತ್ತೆ?"

"ಮೂರು ಹೆಜ್ಜೆ ಒಂದೇ ತರ ಅವೆ. ಈ ಮುಂದ್ಲ ಎಡಗಾಲು ನೋಡು, ಉಗುರೇ ಬ್ಯಾರೆ. ನನ್ ಹಿಂಡ್ನಾಗೆ ಯಾವನಾನ ಒಂದ್ ಕುರಿ ಅದ್ಲು ಬದ್ಲು ಮಾಡಿದ್ರೆ ಹೊತ್ತು ಮುಳುಗೋಕ್ ಮುಂಚೆ ಹಿಡೀತಿದ್ದೆ. ನೀನು ಎಲ್ಡ್ ತಿಂಗ್ಳಿಂದ ಮ್ಯಾಲೆ ಕುಂತ್ಕಂಡು ಮೆರೀತಿದ್ದೀಯ."

ಯಶೋದ ಕೆಳಗೆ ಕುಕ್ಕರಿಸಿದಳು. ಟೈರಿನ ಮೈಮೇಲೆ ಅಂಕಿಗಳಿರುತ್ತವೆ. ಕೆಸರು ಒರೆಸಿ ಓದಿದಳು. ಮೂರು ಟೈರಿನಲ್ಲಿ ನಡುವಿನ ಅಂಕಿ ಅರವತ್ತು. ಶಿರಾದಿಂದ ಬಂದದ್ದರಲ್ಲಿ ಐವತ್ತೈದು. ರಿಮ್ಮು ಒಂದೇ ಅಳತೆಯಾದ್ದರಿಂದ ಕೂತಿತ್ತು. ಆದರೆ ಟೈರಿನ ಗೋಡೆ ಗಿಡ್ಡ. ಅವಳು ಒಳಗಿಂದ ಸೀಮೆಸುಣ್ಣ ತಂದು ಮುಂದಿನ ಎರಡೂ ಟೈರಿನ ಅಡಿಯಲ್ಲಿ ಗೀಟು ಎಳೆದಳು. ನೆಲದ ಮೇಲೂ ಎಳೆದಳು. ಹನುಮಂತರಾಜು ಹಿಂದಿನಿಂದ ತಳ್ಳಿದ. ಗೀಟು ಒಂದು ಸುತ್ತು ಬಂದು ಮತ್ತೆ ನೆಲ ಮುಟ್ಟಿದಲ್ಲಿ ಗುರುತು ಮಾಡಿ, ಹುರಿ ಹಿಡಿದು ಅಳೆದಳು. ಬಲಗಡೆ ಚಕ್ರ ಒಂದು ಸುತ್ತಿಗೆ ಹೋದ ದೂರಕ್ಕೂ ಎಡಗಡೆಯದಕ್ಕೂ ನಾಲ್ಕು ಬೆರಳು ಫರಕು.

ಎಲ್ಲವೂ ಅಲ್ಲೇ ಬಿಚ್ಚಿಕೊಂಡಿತು. ಚಿಕ್ಕ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತು ಸುತ್ತಲೇಬೇಕು. ಕಾರಿನ ಕಣ್ಣಿಗೆ ಅದು ಜಾರಿದಂತೆ ಕಾಣುತ್ತೆ. ಬಲಕ್ಕೆ ತಿರುಗುವಾಗ ಎಡಗಡೆ ಚಕ್ರ ಹೊರಸುತ್ತಿನದು, ಮೊದಲೇ ಜೋರಾಗಿ ತಿರುಗಬೇಕು, ಅದರ ಮೇಲೆ ಈ ನಾಲ್ಕು ಬೆರಳು ಸೇರಿದರೆ ಕಾರು ಹೆದರಿ ಬ್ರೇಕ್ ಹಾಕುತ್ತೆ. ಎಡಕ್ಕೆ ತಿರುಗುವಾಗ ಅದು ಒಳಸುತ್ತಿನದು, ನಿಧಾನ, ಹೆಚ್ಚು ಕಮ್ಮಿ ಸರಿಹೋಗಿಬಿಡುತ್ತೆ. ಅದಕ್ಕೇ ಎಡಕ್ಕೆ ಏನೂ ಇಲ್ಲ. ಏಜೆನ್ಸಿಗೂ ಮೆಕ್ಯಾನಿಕ್ಕಿಗೂ ಎರಡು ತಿಂಗಳಲ್ಲಿ ಸಿಗದ ರೋಗ ಒಂದು ಸೀಮೆಸುಣ್ಣಕ್ಕೆ ಸಿಕ್ಕಿತು.

ಅವತ್ತು ಮಧ್ಯಾಹ್ನವೇ ಪಾವಗಡಕ್ಕೆ ಹೋಗಿ ಬೈಲಪ್ಪನನ್ನ ಹಿಡಿದಳು. ಅವನು ಟೈರಿನ ಕಡೆ ನೋಡಲೂ ಇಲ್ಲ.

"ಸೈಜ್ ಬ್ಯಾರೆ ಅಂತ ನಂಗೆ ಆವತ್ತೇ ತೆಲುಸು ಅಕ್ಕಾ."

"ಗೊತ್ತಿದ್ದೂ ಸೆನ್ಸರ್ ಬದ್ಲಾಯ್ಸಿದ್ಯಾ?"

"ಅವ್ರು ಸೆನ್ಸರ್ ಹಾಕು ಅಂದ್ರು, ಹಾಕ್ದೆ. ಟೈರ್ ಹಾಕು ಅಂದ್ರು, ಹಾಕ್ದೆ."

"ನಾಳೆ ಮಧುಗಿರಿಗೆ ಬಂದು ಇಷ್ಟ್ ಹೇಳ್ತೀಯಾ ಅಣ್ಣ?"

"ಅವ್ರವು ಎಂಟು ಗಾಡಿ ನನ್ ಹತ್ರ ಬರ್ತಾವೆ. ನನ್ ಹೆಸ್ರು ಮಾತ್ರ ತರ್ಬ್ಯಾಡ ತಾಯಿ" ಅಂದು ಸ್ಪ್ಯಾನರ್ ಎತ್ತಿಕೊಂಡು ಇನ್ನೊಂದು ಕಾರಿನ ಅಡಿಗೆ ಜಾರಿಕೊಂಡ.

ವಾಪಸ್ ಬರುವಾಗ ಯಶೋದಳಿಗೆ ಇನ್ನೊಂದು ಹೊಳೆಯಿತು. ಟೈರಿನ ಮಾತು ಎತ್ತಿದರೆ ದೀಪದ ಮಾತು ಎತ್ತಲೇಬೇಕು. ದೀಪ ಹತ್ತಿತ್ತು ಅಂದರೆ, ಎಪ್ಪತ್ತೊಂದು ಬೆಳಗ್ಗೆ 'ಇಲ್ಲ' ಅಂತ ಒತ್ತಿದವಳು ಯಾರು? ದೀಪ ಹತ್ತಿರಲಿಲ್ಲ ಅಂದರೆ, ಕಾರಿನಲ್ಲಿ ಐಬಿಲ್ಲ, ಐಬು ಅವಳದೇ. ಯಾವ ಬಾಗಿಲು ತಳ್ಳಿದರೂ ಅದು ಅವಳ ಮೇಲೇ ಮುಚ್ಚಿಕೊಳ್ಳುತ್ತಿತ್ತು.

ಗುರುವಾರ ಕಂಪನಿಯಿಂದ ಬಂದವಳು ಚೈತ್ರ, ಸುರಕ್ಷತಾ ಅಧಿಕಾರಿ. ಶಿರಾ ಕಡೆಯ ಹುಡುಗಿ, ಇಪ್ಪತ್ತೆಂಟಿರಬಹುದು, ಬೂಟು ಹಾಕಿದ್ದಳು. ಯಶೋದ ಎಲ್ಲ ಹೇಳಿದಳು. ಅಂಕಿ, ನಾಲ್ಕು ಬೆರಳು, ಬಲಕ್ಕೆ ಮಾತ್ರ ಯಾಕೆ ಅನ್ನೋದು. ಕುಮಾರಸ್ವಾಮಿ ನಡುವೆ ನಡುವೆ ಗಂಟಲು ಸರಿಮಾಡಿಕೊಂಡ. ಚೈತ್ರ ಎದ್ದು ಆಫೀಸಿನ ಹಿಂದಿನ ಬಯಲಿಗೆ ಬಂದಳು. ಟೇಪು ಹಿಡಿದು ತಾನೇ ಅಳೆದಳು. ಸ್ಟೇರಿಂಗ್ ಹಿಡಿದು ಎಡಕ್ಕೆ ಸುತ್ತಿದಳು, ಬಲಕ್ಕೆ ಸುತ್ತಿದಳು. ಮೂರನೇ ಸುತ್ತಿಗೆ ಕಾರು ಬಿಗಿಯಿತು. ಕಟಕಟ ಅಂದದ್ದು ಹೊರಗೆ ನಿಂತವರಿಗೂ ಕೇಳಿಸಿತು. ಅವಳು ಇಳಿದು ಬಂದು, "ನೀವು ಹೇಳಿದ್ದು ಸರಿ. ತಪ್ಪು ಟೈರಿಂದೇ" ಅಂದಳು.

ಯಶೋದ ಆ ಒಂದು ಗಳಿಗೆ ಸರಾಗವಾಗಿ ಉಸಿರಾಡಿದಳಂತೆ.

ಚೈತ್ರ ಮತ್ತೆ ಕಾರಿನೊಳಗೆ ಬಗ್ಗಿ ಮೀಟರ್ ಬೋರ್ಡಿನ ಮೇಲಿನ ಬೊಟ್ಟನ್ನ ಉಗುರಿನಿಂದ ಎಬ್ಬಿಸಿದಳು. ಹಳದಿ ದೀಪ ಹೊರಗೆ ಬಂತು.

"ಇದು ಯಾವಾಗಿಂದ ಹತ್ತಿದೆ?"

"ಟೈರ್ ಹಾಕಿದ ಮಾರನೇ ದಿನದಿಂದ ಮೇಡಂ."

"ಆಪ್‌ನಲ್ಲಿ ಮೊದಲನೇ ದಿನ ಹೌದು ಅಂತಿದೆ. ಎರಡನೇ ದಿನದಿಂದ ಇಲ್ಲ. ಅಂದ್ರೆ ರಿಪೇರಿ ಆಗಿದೆ ಅಂತ ನೀವೇ ದಿನಾ ದೃಢಪಡಿಸಿದ ಹಾಗೆ."

"ಕುಮಾರಸ್ವಾಮಿ ಸಾರ್ ಹಂಗೇ ಒತ್ತು ಅಂದ್ರು. ಬೊಟ್ಟು ಅಂಟ್ಸು ಅಂದೋರೂ ಅವ್ರೇ."

ಕುಮಾರಸ್ವಾಮಿ ಕೂಗಾಡಲಿಲ್ಲ. ಬಹಳ ಮೆತ್ತಗೆ, ನೊಂದವನಂತೆ ಕೇಳಿದ: "ಬೊಟ್ಟು ನಂದೇನಮ್ಮ?"

ಚೈತ್ರ ಆಫೀಸಿನೊಳಕ್ಕೆ ವಾಪಸ್ ಬಂದು ವಿಚಾರಣೆಯ ಫಾರಂ ಬಿಚ್ಚಿ ಕೂತಳು. ಅವಳಿಗೆ ಅರ್ಥವಾಗಿತ್ತು. ಅರ್ಥವಾಗದೆ ಇರುವವರ ಮೇಲೆ ಸಿಟ್ಟು ಬರುತ್ತೆ. ಅರ್ಥವಾಗಿಯೂ ಪೆನ್ನು ಮುಚ್ಚುವವರನ್ನ ಏನು ಮಾಡೋದು? "ಯಶೋದ ಅವರೇ, ನಾನು ನಿಮ್ಮನ್ನ ನಂಬ್ತೀನಿ. ಆದರೆ ಈ ಫಾರಂನಲ್ಲಿ ಯಾರು ಹೇಳಿದರು ಅಂತ ಬರೆಯೋಕೆ ಜಾಗ ಇಲ್ಲ. ಯಾರು ಒತ್ತಿದರು ಅಂತ ಮಾತ್ರ ಇದೆ" ಅಂದಳು.

ಆಗ ಕುಮಾರಸ್ವಾಮಿ ಹಳೇ ಕಾಗದ ಮತ್ತೆ ಮುಂದೆ ಸರಿಸಿದ. "ಮೇಡಂ, ಬಡವರ ಮನೆ ಹೆಣ್ಮಗಳು. ಸುಳ್ಳು ಮಾಹಿತಿ ಅಂತ ಬರೆದ್ರೆ ದೊಡ್ಡದಾಗುತ್ತೆ. ದೀಪದ ವಿಷಯ ಬಿಡೋಣ, ಟೈರ್ ನಾವು ಬದ್ಲಾಯಿಸ್ಕೋತೀವಿ. ಯಶೋದಮ್ಮ, ಇದಕ್ಕೇ ಸೈನ್ ಹಾಕು. ಆಫೀಸ್ ಕೆಲಸ ಹಂಗೇ ಇದೆ."

ಅವಳ ಮುಂದೆ ಇದ್ದದ್ದು ಎರಡೇ: ಓಡಿಸಲು ಬಾರದವಳು ಅಂತ ಒಪ್ಪಿಕೊಂಡು ಒಳಗಿರುವುದು, ಇಲ್ಲವೇ ಸುಳ್ಳುಗಾತಿ ಅಂತ ಬರೆಸಿಕೊಂಡು ಹೊರಗೆ ಹೋಗುವುದು. ಗೋಡೆಯ ಮೇಲೆ ಹೂಗುಚ್ಛ ಹಿಡಿದ ಫೋಟೋ ಇನ್ನೂ ಇತ್ತು.

"ಬಿಳೀ ಹಾಳೆ ಕೊಡ್ರಿ ಮೇಡಂ" ಅಂದಳು.

ಹಾಳೆ ತಗೊಂಡು ಬರೆದಳು. ಟೈರಿನ ಎರಡೂ ಅಂಕಿ ಬರೆದಳು, ಬಲಕ್ಕೆ ತಿರುಗಿದರೆ ಏನಾಗುತ್ತೆ ಅಂತ ಬರೆದಳು. ಕೊನೆಗೆ: 'ದೀಪ ಉರಿಯುತ್ತಿದ್ದರೂ ಇಲ್ಲ ಅಂತ ಒತ್ತಿದ್ದು ನಾನೇ. ಅದು ತಪ್ಪು. ಮ್ಯಾನೇಜರ್ ಹೇಳಿದ್ದರಿಂದ ಒತ್ತಿದೆ. ನನಗೆ ಗಾಡಿ ಓಡಿಸಲು ಬರುತ್ತದೆ.' ಸೈನ್ ಹಾಕಿ, ಕಾರಿನ ಕೀ ಹಾಳೆಯ ಮೇಲಿಟ್ಟು ಎದ್ದಳು.

ಹತ್ತು ದಿನಕ್ಕೆ ಅವಳಿಗೆ ಪತ್ರ ಬಂತು. 'ಸುರಕ್ಷತಾ ತಪಾಸಣೆಯಲ್ಲಿ ಪದೇಪದೇ ಸುಳ್ಳು ಮಾಹಿತಿ ನೀಡಿದ ಕಾರಣ ಕೆಲಸದಿಂದ ಬಿಡುಗಡೆ.' ಮ್ಯಾನೇಜರ್ ಹೇಳಿದ ಅನ್ನುವ ಸಾಲಿಗೆ ಉತ್ತರವಿರಲಿಲ್ಲ. ಬಿಳಿ ಕಾರಿಗೆ ನಾಲ್ಕೂ ಹೊಸ ಟೈರು ಬಿದ್ದವು. ಕುಮಾರಸ್ವಾಮಿ ಅದೇ ಕುರ್ಚಿಯಲ್ಲಿದ್ದಾನೆ. ಕಂಪನಿ ಆಪ್ ಬಿಗಿ ಮಾಡಿತು. ಈಗ ದಿನಾ ಬೆಳಗ್ಗೆ ಮೀಟರ್ ಬೋರ್ಡಿನ ಫೋಟೋ ಕಳಿಸಬೇಕು. ಡ್ರೈವರ್‌ಗಳು ದೀಪವಿಲ್ಲದ ಒಳ್ಳೇ ದಿನದ ಫೋಟೋ ಒಂದನ್ನ ಇಟ್ಟುಕೊಂಡು ದಿನಾ ಅದನ್ನೇ ಕಳಿಸುತ್ತಾರೆ. ಆಪಿಗೆ ತೃಪ್ತಿ.

ಯಶೋದ ಆ ಪತ್ರ ಹಿಡಿದುಕೊಂಡೇ ಕೆಲಸ ಕೇಳುತ್ತಾಳೆ, ಬಚ್ಚಿಡುವುದಿಲ್ಲ. "ಓದ್ರಿ, ಓಡ್ಸಕ್ ಬರಲ್ಲ ಅಂತ ಎಲ್ಲೂ ಬರೆದಿಲ್ಲ" ಅನ್ನುತ್ತಾಳೆ. ಶಿರಾದಲ್ಲಿ ಒಬ್ಬ ಓದದೆಯೇ ಜಾಗ ಖಾಲಿ ಇಲ್ಲ ಅಂದ. ಮಧುಗಿರಿಯಲ್ಲಿ ಇಬ್ಬರಿಗೆ ಕುಮಾರಸ್ವಾಮಿ ಮೊದಲೇ ಫೋನ್ ಮಾಡಿದ್ದ. ನವೆಂಬರಿನಲ್ಲಿ ಕೊರಟಗೆರೆಗೆ ಹೋದಳು. ಅಲ್ಲಿ ಮರುಳಸಿದ್ದಯ್ಯ ಅನ್ನುವ ಹಿರಿಯ, ಸ್ಕೂಲುಗಳಿಗೆ ವ್ಯಾನು ಬಿಟ್ಟಿದ್ದಾನೆ. ಪತ್ರವನ್ನ ಎರಡು ಸಲ ಓದಿದ.

"ಓಡ್ಸಿ ತೋರ್ಸಮ್ಮ, ನೋಡಾಣ" ಅಂದು ಒಂದು ವ್ಯಾನಿನ ಕೀ ಕೊಟ್ಟು ಪಕ್ಕದಲ್ಲಿ ಕೂತ.

ಊರೊಳಗಿಂದ ತುಮಕೂರು ರಸ್ತೆಗೆ, ಅಲ್ಲಿಂದ ಸುತ್ತು ಹೊಡೆದು ಸಂತೆ ಜಾಗದ ಪಕ್ಕ. ಗೇರು ಬದಲಾಯಿಸಿದ್ದು ಗೊತ್ತಾಗಲಿಲ್ಲ. ಒಂದು ಎಮ್ಮೆ ಅಡ್ಡ ಬಂತು, ಬ್ರೇಕ್ ಹಾಕಿದ್ದೂ ಗೊತ್ತಾಗಲಿಲ್ಲ. ಮರುಳಸಿದ್ದಯ್ಯ ಸೀಟಿಗೆ ಒರಗಿದ.

"ಚೆನ್ನಾಗಿ ಓಡ್ಸ್ತೀಯ ಕಣಮ್ಮ. ನಮ್ ಹುಡುಗ್ರು ಇಂಗೆ ಓಡ್ಸಿದ್ರೆ ನಂಗೆ ಬಿಪಿನೇ ಇರ್ತಿರ್ಲಿಲ್ಲ. ಸೋಮವಾರದಿಂದ ಬಾ."

ಅವಳು ವ್ಯಾನು ನಿಲ್ಲಿಸಿದಳು. ಕೀ ತೆಗೆಯಲಿಲ್ಲ. ಇಳಿದು, ಥ್ಯಾಂಕ್ಸ್ ಹೇಳಿ, ಸೋಮವಾರ ಬಂದರೆ ಆಗುತ್ತಿತ್ತು.

"ಯಜಮಾನ್ರೆ, ಬಲಗಡೆ ಹಿಂದಿನ ಚಕ್ರ ಗೊರಗೊರ ಅಂತೈತೆ. ಬೇರಿಂಗ್ ಹೋಗೈತೆ. ಮಕ್ಕಳನ್ನ ಕೂರ್ಸೋಕ್ ಮುಂಚೆ ಹಾಕ್ಸಿಬುಡ್ರಿ."

"ಅದು ಮೂರು ತಿಂಗ್ಳಿಂದ ಅಂಗೇ ಐತೆ."

"ಅದಕ್ಕೇ ಹೇಳಿದ್ದು."

ಮರುಳಸಿದ್ದಯ್ಯ ಪತ್ರವನ್ನ ಮಡಚಿ ಅವಳ ಕೈಗೆ ಕೊಟ್ಟ. ಸಿಟ್ಟು ಮಾಡಿಕೊಳ್ಳಲಿಲ್ಲ. "ಫೋನ್ ಮಾಡ್ತೀನಮ್ಮ" ಅಂದ.

"ಸೋಮವಾರ ಅಂದ್ರಲ್ಲ."

"ಮಾಡ್ತೀನಿ ಅಂದ್ನಲ್ಲ."

ಅವಳು ನಡೆದು ಬಸ್‌ಸ್ಟ್ಯಾಂಡಿಗೆ ಬಂದು ಮಧುಗಿರಿ ಬಸ್ಸಿಗೆ ನಿಂತಳು. ಸ್ಕೂಲು ಬಿಡುವ ಹೊತ್ತಾಗಿತ್ತು. ಬಸ್ಸು ಬರುವ ಮುಂಚೆ ಅದೇ ವ್ಯಾನು ಬಂತು. ಯಾವನೋ ಓಡಿಸುತ್ತಿದ್ದ, ಒಳಗೆ ಕಿಟಕಿ ತುಂಬ ಮಕ್ಕಳು. ಕಣ್ಣಿಗೆ ಬೀಳುವ ಮೊದಲೇ ಅವಳಿಗೆ ಅದರ ಗೊರಗೊರ ಸದ್ದು ಕೇಳಿಸಿತ್ತು. ಸುತ್ತ ನಿಂತಿದ್ದವರು ಯಾರೂ ತಿರುಗಿ ನೋಡಲಿಲ್ಲ.